ಬೂದು ಬಣ್ಣದ ಊಟ

ಬಟ್ಟಲು ಗೋಡೆಗೆ ಬಡಿದು ಕೆಳಗೆ ಬಿತ್ತು. ಸ್ಟೀಲಿನದು, ಒಡೆಯಲಿಲ್ಲ; ಗಿರಗಿರ ಸುತ್ತಿ ಫ್ರಿಜ್ಜಿನ ಕೆಳಗೆ ಹೋಗಿ ನಿಂತಿತು. ಅದರಲ್ಲಿದ್ದ ಊಟ ಮಾತ್ರ ಗೋಡೆಯ ಮೇಲಿಂದ ನಿಧಾನವಾಗಿ ಇಳಿಯುತ್ತಿತ್ತು.

"ಎಸಿಯಪ್ಪ, ಎಸಿ! ಒರೆಸೋಕೆ ನಾನಿದ್ದೀನಲ್ಲ!" ಎಂದಳು ಮಗಳು. ಅವಳ ಕೈಯಲ್ಲಿದ್ದ ಬ್ಲೆಂಡರ್ ಇನ್ನೂ ತೊಟ್ಟಿಕ್ಕುತ್ತಿತ್ತು.

ಅಪ್ಪನಿಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಬಲಗೈ ಬೇರೆ ಯಾರದೋ ಎನ್ನುವ ಹಾಗೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಗಟ್ಟಿ ಪದಾರ್ಥ ಗಂಟಲಲ್ಲಿ ಇಳಿಯದು. ಎಲ್ಲವನ್ನೂ ನುಣ್ಣಗೆ ಅರೆದು ಕೊಡಬೇಕು, ನೀರಾಗಬಾರದು, ಚಮಚದ ಮೇಲೆ ನಿಲ್ಲಬೇಕು ಎಂದು ನರ್ಸು ಹೇಳಿದ್ದಳು. ಮೊನ್ನೆ ತೂಕ ನೋಡಿದ ಡಾಕ್ಟರು, ಸೋಮವಾರದ ಹೊತ್ತಿಗೆ ಇನ್ನೂ ಇಳಿದರೆ ಮೂಗಿಗೆ ನಳಿಗೆ ಹಾಕುವುದೇ ಎಂದುಬಿಟ್ಟಿದ್ದರು.

ಆ ನಳಿಗೆ ಮಗಳ ತಲೆಯಲ್ಲಿ ಹಗಲೆಲ್ಲ ಓಡಾಡುತ್ತಿತ್ತು. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಮಧ್ಯಾಹ್ನದ ಬಿಡುವು ಮುಕ್ಕಾಲು ಗಂಟೆ. ಓಡಿ ಬಂದವಳೇ ಅನ್ನ, ಬೇಯಿಸಿದ ಕ್ಯಾರೆಟ್, ಬಟಾಣಿ, ಮೊಟ್ಟೆ ಎಲ್ಲವನ್ನೂ ಒಂದೇ ಜಗ್ಗಿಗೆ ಸುರಿದು, ಲೋಟ ನೀರು ಹೊಯ್ದು, ಕಡೆಗೋಲಿನಂಥ ಆ ಬ್ಲೆಂಡರ್ ಇಳಿಸಿ ಗುಂಡಿ ಒತ್ತುವಳು. ನಿಮಿಷದಲ್ಲಿ ಊಟ ತಯಾರು. ಬ್ಲೆಂಡರಿನ ಜೊತೆ ಬಂದ ಮೊಟ್ಟೆ ಕಡೆಯುವ ತಂತಿ, ಅರೆಯುವ ಚಿಕ್ಕ ಡಬ್ಬಿ ಎಲ್ಲ ಪೆಟ್ಟಿಗೆಯಲ್ಲೇ ಕೂತಿದ್ದವು.

"ಮೂರು ದಿನದಿಂದ ಹೊತ್ತಿಗೆ ಎರಡೇ ಚಮಚ. ನಳಿಗೇನೇ ಬೇಕಾ ನಿಂಗೆ?"

"ನಲವತ್ತು ವರ್ಷ... ಗಾರೆ ಕಲಸ್ದೋನಿಗೆ," ಅಪ್ಪನ ನಾಲಿಗೆ ತಡವರಿಸಿತು, "ಗಾರೆ ತಿನ್ನಿಸ್ತೀಯಲ್ಲೇ."

"ಓಹೋ, ಮಾತು ಮಾತ್ರ ನುಣ್ಣಗೆ ಅರೆದಿದೀಯ!"

"ನನ್ನ ಗಾರೆ... ಇದಕ್ಕಿಂತ ಚೆನ್ನಾಗಿರ್ತಿತ್ತು."

ಅವಳಿಗೆ ನೆತ್ತಿ ಉರಿಯಿತು. ಬ್ಲೆಂಡರನ್ನು ಅವನ ಮುಂದೆ ಕುಕ್ಕಿದಳು. "ತಗೋ ಮೇಸ್ತ್ರಿ. ಇರೋ ಒಂದು ಕೈಲಿ ನೀನೇ ಮಾಡ್ಕೋ, ನೋಡ್ತೀನಿ."

ಆಡಬಾರದ ಮಾತು. ಗೊತ್ತಾಯಿತು, ಹಿಂದಕ್ಕೆ ತೆಗೆದುಕೊಳ್ಳಲು ಕೋಪ ಬಿಡಲಿಲ್ಲ.

ಅಪ್ಪ ಅವಳನ್ನೇ ನೋಡಿದ. "ಜಗ್ಗು ತೊಳಿ. ಕ್ಯಾರೆಟ್ ಒಂದೇ ಹಾಕು."

ಉಳಿದ ಊಟವನ್ನು ಪಾತ್ರೆಗೆ ಬಗ್ಗಿಸಿ, ಜಗ್ಗನ್ನು ದಡಬಡ ತೊಳೆದು, ರಾತ್ರಿಗೆಂದು ಎತ್ತಿಟ್ಟಿದ್ದ ಕ್ಯಾರೆಟ್ ಹಾಕಿ ಎರಡೂ ಕೈಯಲ್ಲಿ ಹಿಡಿದಳು. ಅಪ್ಪ ಎಡಗೈಯಲ್ಲಿ ಬ್ಲೆಂಡರ್ ಎತ್ತಿ, ಪೂರ್ತಿ ಮುಳುಗುವ ಮೊದಲೇ ಗುಂಡಿ ಒತ್ತಿದ. ಕ್ಯಾರೆಟ್ ಅವಳ ಮುಖಕ್ಕೆ, ಅವನ ಹುಬ್ಬಿಗೆ, ದೀಪದವರೆಗೂ ಹಾರಿತು.

"ಮೊದ್ಲು ಮುಳುಗ್ಸಿ ಆಮೇಲೆ ಒತ್ತಬೇಕು!"

"ಮೊದ್ಲೇ ಹೇಳೋಕೆ ಏನಾಗಿತ್ತೇ?"

"ಮೇಸ್ತ್ರಿಗಳಿಗೆ ಹೇಳೋಕೆ ನಾನ್ಯಾರು!"

ಎರಡನೆಯ ಸಲ ಅವನು ತಳ ಮುಟ್ಟಿಸಿ ಒತ್ತಿದ. ಅವಳು ನೀರಿನ ಲೋಟ ಎತ್ತಿದಳು.

"ಇಡು ಕೆಳಗೆ! ನೀರು ಕೊನೆಗೆ. ಒಂದೇ ಸಲಕ್ಕೆ ನೀರು ಸುರಿಯೋ ಆಳನ್ನ... ಅವತ್ತೇ ಮನೆಗೆ ಕಳಿಸ್ತಿದ್ದೆ ನಾನು."

ಚಮಚದಲ್ಲಿ ಅರ್ಧರ್ಧವೇ ಹಾಕಿಸಿದ. ಚಮಚ ಓರೆ ಮಾಡಿ ನೋಡಿದ, ನಿಂತಿತು. ಅದನ್ನು ಒಂದು ಬಟ್ಟಲಿಗೆ ಬಗ್ಗಿಸಿ, ಜಗ್ಗು ತೊಳೆದು ಬಟಾಣಿ; ಅದು ಇನ್ನೊಂದು ಬಟ್ಟಲಿಗೆ. ಆಮೇಲೆ, "ಮೊಟ್ಟೆಗೆ ಆ ಚಿಕ್ಕ ಡಬ್ಬಿ."

"ಅದು ನಿಂಗೆ ಹೇಗ್ಗೊತ್ತು?"

"ಹಗಲೆಲ್ಲ ಒಬ್ನೇ ಕೂತು... ಆ ಪೆಟ್ಟಿಗೆ ಮೇಲಿನ ಚಿತ್ರಾನೇ ನೋಡ್ತಿರ್ತೀನಿ."

ಮೊಟ್ಟೆ ಮೂರನೆಯ ಬಟ್ಟಲಿಗೆ ಬೀಳುವ ಹೊತ್ತಿಗೆ ಗೋಡೆಯ ಗಡಿಯಾರದಲ್ಲಿ ಬಿಡುವು ಮುಗಿದು ಹತ್ತು ನಿಮಿಷವಾಗಿತ್ತು. "ದಿನಾ ಹೊತ್ತುಹೊತ್ತಿಗೆ ಮೂರ್ಮೂರು ಸಲ ತೊಳೆಯೋರ್ಯಾರು? ಅದ್ರಲ್ಲಿರೋದೇ ಇದ್ರಲ್ಲೂ ಇರೋದು! ನುಂಗಿದ ಮೇಲೆ ಎಲ್ಲಾ ಒಂದೇ ತಾನೇ? ನೋಡು ಬೇಕಾದ್ರೆ!" ಎಂದವಳೇ ಪಾತ್ರೆಯಲ್ಲಿದ್ದ ಬೂದು ಬಣ್ಣದ್ದನ್ನು ಚಮಚದ ತುಂಬ ತೆಗೆದು ಬಾಯಿಗೆ ಹಾಕಿಕೊಂಡಳು.

ಎರಡು ತಿಂಗಳಲ್ಲಿ ಅವಳು ಅದನ್ನು ಒಮ್ಮೆಯೂ ರುಚಿ ನೋಡಿರಲಿಲ್ಲ. ಅಂಗುಳಕ್ಕೆ ತಣ್ಣಗೆ ಮೆತ್ತಿಕೊಂಡಿತು. ಮೊಟ್ಟೆಯೂ ಅಲ್ಲ, ಕ್ಯಾರೆಟ್ಟೂ ಅಲ್ಲ. ಉಪ್ಪು ಕೂಡ ಹಾಕಿರಲಿಲ್ಲ. ಅಪ್ಪ ನೋಡುತ್ತಿದ್ದ. ಉಗುಳುವಂತಿರಲಿಲ್ಲ. ನುಂಗಿದಳು, ಕಣ್ಣಲ್ಲಿ ನೀರು ಬಂತು.

"ಹೂಂ?" ಎಂದ ಅಪ್ಪ.

ಅವಳು ಪಾತ್ರೆಯನ್ನು ಕಸದ ಡಬ್ಬಿಗೆ ಬಗ್ಗಿಸಿದಳು. ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು; ಲಾಂಡ್ರಿಯ ಮೇಲ್ವಿಚಾರಕಿ. ಬಡಿದುಕೊಳ್ಳಲಿ ಎಂದು ಬಿಟ್ಟು, ಮೂರು ಬಟ್ಟಲಿಗೂ ಉಪ್ಪು ಉದುರಿಸಿ ಕುರ್ಚಿ ಎಳೆದು ಎದುರಿಗೆ ಕೂತಳು.

ಅಪ್ಪ ಕಿತ್ತಳೆ ಬಣ್ಣದ್ದನ್ನು ಮೊದಲು ತೆಗೆದುಕೊಂಡ. ಬಾಯಿ ಮುಚ್ಚಿ, ಬಹಳ ಹೊತ್ತು ಹಾಗೇ ಇಟ್ಟುಕೊಂಡ. ಆಮೇಲೆ ಅವನ ಗಂಟಲ ಗಂಟು ಮೇಲೇರಿತು, ಅಲ್ಲೇ ತುಸು ನಿಂತಿತು, ಇಳಿಯಿತು.