ಸಿದ್ಧಾರೂಢನನ್ನು ಕೇಳುವ ರೀತಿ

ಭೂಕಂಪದಲ್ಲಿ ಮನೆ ಬಿದ್ದ ಮೇಲೆ, ಮರಾಠಿ ಸೀಮೆಯ ತುರೋರಿಯ ಹೊರಗೆ ತಗಡಿನ ಶೆಡ್ಡಿನಲ್ಲಿ ನಾವು ಕಳೆದ ವರ್ಷಗಳನ್ನು ನೆನೆದು ಬೇರೆಯವರು ನಿಟ್ಟುಸಿರು ಬಿಡುತ್ತಾರೆ. ನನಗೆ ನೆನಪಾಗುವುದು ತಗಡಿನಾಚೆ ಕುರಿಗಳ ಉಸಿರು, ಅವ್ವ ರೊಟ್ಟಿ ಬಡಿಯುವ ಸದ್ದು, ಆ ಸದ್ದಿಗೆ ಮೈ ತೂಗುತ್ತ ಕೂತ ನನ್ನ ತಮ್ಮ ಸಿದ್ಧಾರೂಢ. ಆ ದಿನಗಳು ಇನ್ನೊಮ್ಮೆ ಸಿಕ್ಕರೆ ನಾನು ಬೇಡ ಅನ್ನುವುದಿಲ್ಲ.

ತಮ್ಮ ಮಾತು ಕಲಿತದ್ದು ತಡ. ಕಲಿತ ಮೇಲೂ, ಕೇಳಿದವರ ಮಾತನ್ನೇ ಅವರಿಗೆ ತಿರುಗಿಸಿ ಕೊಡುತ್ತಿದ್ದ. ‘ಉಂಡಿ ಏನು?’ ಅಂದರೆ, ಹಸಿದಿದ್ದರೂ ‘ಉಂಡಿ’ ಅನ್ನುವನು. ಅವ್ವ ಹಾಗೆ ಕೇಳುವುದನ್ನೇ ಬಿಟ್ಟಳು. ‘ತಾಟಿನ್ಯಾಗ ಏನದಪಾ?’ ಎಂದು ಕೇಳಿ ಸುಮ್ಮನೆ ಕಾಯುವಳು. ಕಾದರೆ ಉತ್ತರ ಬರುತ್ತಿತ್ತು. ಬಹಳ ವರ್ಷದ ಮೇಲೆ ಉದಗೀರದ ಡಾಕ್ಟರು ಇದನ್ನು ಆಟಿಸಂ ಅಂದರು. ಅಲ್ಲಿಯವರೆಗೆ ನಾವು ಅವನ ಸ್ವಭಾವ ಅಂದುಕೊಂಡಿದ್ದೆವು.

ಅವ್ವ ತೀರಿಕೊಂಡ ಮರುವರ್ಷ, ಅವನು ಮೀಸೆ ಬಲಿತ ಗಂಡಸಾಗಿದ್ದಾಗ, ಕುರಿ ಕದ್ದ ಆರೋಪದ ಮೇಲೆ ಅವನನ್ನು ಹಿಡಿದರು. ಮಾಣಿಕಪ್ಪ ಹೆದ್ದಾರಿ ಬದಿಯ ಅಂಗಡಿ ಮುಂದೆ ಮಾರಲು ಕಟ್ಟಿದ್ದ ಕುರಿ ನಮ್ಮ ಹಿಂಡಿನಲ್ಲಿ ಸಿಕ್ಕಿತ್ತು. ಪೊಲೀಸರು ‘ಕದ್ದಿ ಏನು?’ ಅಂದಾಗ ತಮ್ಮ ‘ಕದ್ದಿ’ ಅಂದನಂತೆ.

ಜಾಮೀನು ಕೊಡಿಸಿದವಳು ದಾನೇಶ್ವರಿ, ನಿಲಂಗಾದ ವಕೀಲೆ.

‘ಅಕ್ಕಾ, ಪೊಲೀಸರ ಮುಂದ ಅಂದದ್ದು ನಡ್ಯಾಂಗಿಲ್ಲ. ಆದ್ರ ಕೋರ್ಟಿನ್ಯಾಗ ಸಾಹೇಬರ ಮುಂದ ಕಬೂಲ ಅಂದ್ನಂದ್ರ ಜೇಲು ಆಗ್ತದ,’ ಅಂದಳು. ‘ಇವನಿಗಿ ಹ್ಯಾಂಗ ಕೇಳಬೇಕು, ನನಗ ಕಲಸ್ರಿ.’

ಅವ್ವನ ರೀತಿಯನ್ನು ಅವಳಿಗೆ ಹೇಳಿಕೊಟ್ಟೆ.

ಉಮರ್ಗಾದ ಕೋರ್ಟಿನಲ್ಲಿ ಫ್ಯಾನು ಕಟಕಟ ಅನ್ನುತ್ತಿತ್ತು. ತಮ್ಮ ಕಿವಿ ಮುಚ್ಚಿಕೊಂಡು ನಿಂತಿದ್ದ. ಸಾಹೇಬರು ಮರಾಠಿಯಲ್ಲಿ, ‘ಗುನ್ಹಾ ಕಬೂಲ ಆಹೇ ಕಾ?’, ತಪ್ಪು ಒಪ್ಪುತ್ತೀಯಾ, ಎಂದು ಕೇಳಿದರು.

‘ಕಬೂಲ.’

ದಾನೇಶ್ವರಿ ಎದ್ದು, ಇದನ್ನು ಬರೆದುಕೊಳ್ಳುವ ಮೊದಲು ಅವನು ಕಲೆಕ್ಟರನೋ ಎಂದು ಕೇಳಿ ನೋಡಬೇಕೆಂದು ವಿನಂತಿಸಿದಳು. ಸಾಹೇಬರು ಹುಬ್ಬೇರಿಸಿ ಕೇಳಿಯೇಬಿಟ್ಟರು.

‘ಕಲೆಕ್ಟರ,’ ಅಂದ ತಮ್ಮ.

‘ಮತ್ತ ಕೆಂಪು ದೀಪದ ಗಾಡಿ ಎಲ್ಲದಪಾ?’ ಅಂದ ಜವಾನ. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ದಾನೇಶ್ವರಿ ಕೊಟ್ಟ ಡಾಕ್ಟರ ಚೀಟಿ ಓದಿ, ಫ್ಯಾನು ಆರಿಸಲು ಹೇಳಿ, ನನ್ನನ್ನು ತಮ್ಮನ ಪಕ್ಕಕ್ಕೆ ಕರೆಸಿದರು. ಅವರ ಹೆಂಡತಿಯ ತವರು ಭಾಲ್ಕಿಯಂತೆ. ಕನ್ನಡ ಬರುತ್ತಿತ್ತು.

‘ಕುರಿ ಎಲ್ಲಿತ್ತು?’

ತಮ್ಮ ನೆಲ ನೋಡುತ್ತ ನಿಂತ. ಗುಮಾಸ್ತ ಗೊಣಗಿದ.

‘ತಡೀರಿ ಸಾಹೇಬ್ರ, ಬರ್ತದ,’ ಅಂದೆ.

‘ಕಂಬಕ್ಕ.’

‘ನೀ ಏನ ಮಾಡ್ದಿ?’

‘ಬಿಚ್ಚಿದೆ.’

‘ಯಾಕ?’

ಈ ಸಲ ಬಹಳ ಹೊತ್ತಾಯಿತು. ‘ಒಂದೇ ಇತ್ತು. ಒದರ್ತಿತ್ತು.’

ನಾವು ಬೀರಪ್ಪನ ಒಕ್ಕಲು. ಒಂಟಿ ಕುರಿ ಎಂದರೆ ತಪ್ಪಿಸಿಕೊಂಡ ಕುರಿ. ಕಂಡವರು ತಮ್ಮ ಹಿಂಡಿಗೆ ಸೇರಿಸಿಕೊಂಡು, ಒಡೆಯ ಬರುವವರೆಗೆ ಸಾಕಬೇಕು. ಸಾಹೇಬರಿಗೆ ಇದನ್ನು ಹೇಳಿದೆ. ಅವರು ದೂರು ಕೊಟ್ಟು ಬಂದು ನಿಂತಿದ್ದ ಮಾಣಿಕಪ್ಪನ ಕಡೆ ತಿರುಗಿದರು. ಅವನೂ ಕುರುಬನೇ.

‘ಒಂಟಿ ಕುರಿ ಕಂಡ್ರ ನೀ ಏನ ಮಾಡ್ತಿ?’

‘ಹಿಂಡಿಗಿ ಹಾಕ್ತೀನ್ರಿ... ಆದ್ರ ನಾ ಹಗ್ಗ ಕಟ್ಟಿದ್ದೆ ಅಲ್ರೀ!’

‘ಮಾಮಾ, ನಿನಗ ಹಗ್ಗ ಕಾಣಸ್ತು, ಇವನಿಗಿ ಒದರೂದು ಕೇಳಸ್ತು,’ ಅಂದೆ.

‘ಮಲಕಮ್ಮನ ಮಗಳಿಗಿ ಬಾಯಿ ಭಾಳ ಅದ ನೋಡ್ರಿ!’ ಅಂದ ಮಾಣಿಕಪ್ಪ. ಆಮೇಲೆ ತಲೆ ಕೆರೆದುಕೊಂಡು, ‘ಇವರವ್ವ ನನಗೂ ರೊಟ್ಟಿ ಹಾಕ್ಯಾಳ, ಶೆಡ್ಡಿನ ದಿನದಾಗ. ನನಗ ಈ ಕೇಸು ಬ್ಯಾಡ್ರಿ,’ ಅಂದ.

ಸಾಹೇಬರು ರಾಜಿಗೆ ಒಪ್ಪಿಗೆ ಕೊಟ್ಟು ಸಹಿ ಮಾಡಿದರು. ಪೆನ್ನು ಮುಚ್ಚಿ, ‘ಸಿದ್ಧಾರೂಢ, ಮನಿಗಿ ಹೋಗು,’ ಅಂದರು.

ಅಂದದ್ದೇ ತಡ, ತಮ್ಮ ಬಾಗಿಲು ದಾಟಿದ್ದ. ಕೈ ಮುಗಿಯಲಿಲ್ಲ, ತಿರುಗಿ ನೋಡಲಿಲ್ಲ. ಅವನ ಪಾಲಿನದನ್ನೂ ಸೇರಿಸಿ ನಾನೇ ಎರಡು ಸಲ ಕೈ ಮುಗಿದು, ಚಪ್ಪಲಿಯನ್ನೂ ಹುಡುಕದೆ ಅವನ ಹಿಂದೆ ಓಡಿದೆ.