ನೀರು ಕಾದಾವೇನ?

ಚಂದವ್ವ ಒಲೆಗೆ ಮತ್ತೊಂದು ಹಿಡಿ ತೊಗರಿ ಕಟ್ಟಿಗೆ ತುರುಕಿದಳು. ಬೆಳಿಗ್ಗೆ ಕಾಯಿಸಿದ ಹಂಡೆಯ ನೀರು ಆಗಲೇ ಆರಿಹೋಗಿತ್ತು. ಇದು ಎರಡನೆಯ ಸಲ. ಪಡಸಾಲೆಯಲ್ಲಿ ಅವಳ ಅವ್ವ ಶೇವಂತೆವ್ವ, ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಚಾಪೆಯ ಮೇಲೆ ಮಲಗಿದ್ದಳು. ಕನ್ನೊಳ್ಳಿಯ ಅರ್ಧ ಊರನ್ನು ಹೆರಿಗೆಯಲ್ಲಿ ಹಿಡಿದ ಸೂಲಗಿತ್ತಿಯ ಕೈಗಳು ಎದೆಯ ಮೇಲೆ ಒಂದರ ಮೇಲೊಂದು ಸುಮ್ಮನಿದ್ದವು.

"ಇನ್ನೂ ಎಷ್ಟೊತ್ತು ಚಂದೂ?" ಎಂದು ಬಚ್ಚಲ ಬಾಗಿಲಿಗೆ ಬಂದು ನಿಂತ ಖಂಡೆಪ್ಪ. ಸತ್ತವಳ ಮೈದುನ, ಊರಿನ ಐದು ಕ್ರೈಸ್ತ ಮನೆಗಳ ಸಭೆಗೆ ಹಿರಿಯ. "ಪಾದ್ರಿ ಸಾಹೇಬ್ರು ಎರಡರ ಬಸ್ಸಿಗೆ ಸಿಂದಗಿಯಿಂದ ಬರ್ತಾರ. ಬಿಸಲು ನೋಡು ಹೆಂಗೈತಿ. ಮೈ ತೊಳದು ಪೆಟಗಿಯೊಳಗ ಇಡಬ್ಯಾಡೇನು?"

"ರೇವವ್ವಕ್ಕ ಬರ್ಲಿ ಕಾಕಾ."

"ಆಕಿ ಬರಾಂಗಿಲ್ಲ. ಹದಿನೇಳ ವರ್ಷ ಆತು, ಈ ಓಣಿಗೆ ಕಾಲಿಟ್ಟಿಲ್ಲ."

"ನಮ್ಮವ್ವ ಹೇಳ್ಯಾಳ."

ಶೇವಂತೆವ್ವ ಸಾಯುವುದಕ್ಕೆ ಮೂರು ದಿನ ಮೊದಲು, ರಾತ್ರಿ, ಹೇಳಿದ್ದಳು: ನನಗ ನೀರು ರೇವವ್ವ ಹಾಕ್ಲಿ. ಬರಲಿಲ್ಲಂದ್ರ ಆಕಿನ್ನ ಬೈಬ್ಯಾಡ, ನೀನ ಹಾಕು.

"ನೀನ ಹಾಕು ಅಂದಾಳಲ್ಲ, ಹಾಕು ಮತ್ತ," ಎಂದ ಖಂಡೆಪ್ಪ. "ಆಕಿ ನಮ್ಮ ಸಭೆದಾಕಿ ಅಲ್ಲ. ಹಣಿ ತುಂಬ ಎಲ್ಲಮ್ಮನ ಬಂಡಾರ. ಸಭೆದವರಿಗೆ ಸಭೆಯ ಹೆಣ್ಮಕ್ಕಳ ನೀರು ಹಾಕಬೇಕು. ಅದು ನೇಮ."

"ನಿನ್ನ ನೇಮ ಕೇಳಾಕ ಆಕಿ ಎದ್ದು ಕುಂದರ್ತಾಳೇನು ಖಂಡೆಪ್ಪಣ್ಣ? ಇದ್ದಾಗನ ಕೇಳಲಿಲ್ಲ." ಹಿತ್ತಿಲ ಬಾಗಿಲಿನಿಂದ ಸೈದಾಬಿ ಬಂದಳು. ಪಕ್ಕದ ಮನೆಯವಳು, ಶೇವಂತೆವ್ವನ ಗೆಳತಿ. ರೇವವ್ವನಿಗೆ ಸುದ್ದಿ ಮುಟ್ಟಿಸಲು ಬೆಳಿಗ್ಗೆಯೇ ಹೋಗಿದ್ದಳು.

"ಏನಂದ್ಲು ಚಿಗವ್ವಾ?"

"ಏನೂ ಅನ್ನಲಿಲ್ಲ. ರೊಟ್ಟಿ ಬಡಿಯಾಕತ್ತಿದ್ಲು. ಶೇವಂತೆವ್ವ ಹೋದ್ಲು, ನೀರು ಹಾಕಾಕ ನಿನ್ನ ಕೇಳ್ಯಾಳ ಅಂತ ಹೇಳಿದೆ. ತಿರುಗಿ ನೋಡಲಿಲ್ಲ. ರೊಟ್ಟಿ ಹಂಚಿಗೂ ಹಾಕಲಿಲ್ಲ, ಬಡಿಯೂದೂ ಬಿಡಲಿಲ್ಲ. ಬಡದು ಬಡದು ಕಡೀಕ ಅದು ಹರದ ಹೋತು." ಸೈದಾಬಿ ಒಲೆಯ ಮುಂದೆ ಕುಕ್ಕರಿಸಿದಳು. "ಯವ್ವಾ, ನನಗ ಆರು ಕೂಸು ಹಿಡದಾಳ ನಿಮ್ಮವ್ವ. ಎರಡು ಸಾಕು ಅಂತ ಸಾಲಿ ಗ್ವಾಡಿ ಮ್ಯಾಲ ಕೆಂಪು ತ್ರಿಕೋನ ಬರದು ಹ್ವಾದ್ರಲ್ಲ, ಅವತ್ತ ನನ್ನ ಕರಕೊಂಡು ಹೋಗಿ, ನೋಡು ಸೈದಾ, ಇದನ್ನ ನಿನ್ನ ಸಲುವಾಗೇ ಬರದಾರ ಅಂತ ತೋರಿಸಿದ್ಲು." ನಗಲು ಹೋಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗ ಹೇಳಿದ್ರ ನಾ ಹಾಕತಿದ್ದೆ. ಹ್ವಾದ ವರ್ಷ ಬಾವಿ ಹಂತೇಕ ನಿಮ್ಮವ್ವ ಬಂದ್ರ, ಕೊಡಾ ತುಂಬದ ಎದ್ದು ಹೋದಾಕಿನ್ನ ಯಾಕ ಕೇಳಿದ್ಲೊ!"

ಚಂದವ್ವನಿಗೆ ಗೊತ್ತಿತ್ತು. ಯಾಕೆ ಎಂಬುದನ್ನೂ ಅವ್ವ ಆ ರಾತ್ರಿಯೇ ಹೇಳಿದ್ದಳು. ಅವಳು ಬೂದಿ ಕೆದರಿದಳು.

*

ಐವತ್ತೆಂಟನೆಯ ಇಸ್ವಿಯಲ್ಲಿ ಶೇವಂತೆವ್ವ ಮತ್ತು ಖಂಡೆಪ್ಪ ಒಂದೇ ದಿನ ಭೀಮಾ ಹೊಳೆಯಲ್ಲಿ ದೀಕ್ಷಾಸ್ನಾನ ಪಡೆದರು. ಖಂಡೆಪ್ಪನಿಗೆ ಸಮುವೇಲ ಎಂದು ಹೆಸರಿಟ್ಟರು. ಊರಿನ ಬಾಯಿಗೆ ಅದು ಹತ್ತಲಿಲ್ಲ. ಇಬ್ಬರಲ್ಲೂ ಹೊಸ ಹುರುಪು. ಜಗಲಿಯ ಮೇಲಿದ್ದ ದೇವರುಗಳನ್ನು ಬುಟ್ಟಿಯಲ್ಲಿ ತುಂಬಿ ಹೊಳೆಗೆ ಬಿಟ್ಟರು. ಹಬ್ಬದ ಮನೆಯಲ್ಲಿ ಉಣ್ಣುವುದನ್ನು ಬಿಟ್ಟರು. ಇನ್ನೇನು ಬಿಡಬೇಕು ಎಂದು ಹುಡುಕುತ್ತಿದ್ದರು.

ಎರಡು ತಿಂಗಳಿಗೆ ರೇವವ್ವನಿಗೆ ಬ್ಯಾನೆ ಬಂತು. ಚೊಚ್ಚಲು. ಶೇವಂತೆವ್ವ ಬೆಳಿಗ್ಗೆಯೇ ಹೋದಳು. ಆದರೆ ಬಾಗಿಲಲ್ಲಿ ಬೇವಿನ ತೊಪ್ಪಲು ಕಟ್ಟಿತ್ತು, ಬಾಣಂತಿ ಕೋಣೆಯಲ್ಲಿ ಎಲ್ಲಮ್ಮನ ಹೆಸರಿನ ದೀಪ ಉರಿಯುತ್ತಿತ್ತು. ಹಿಂದೆ ಅಂಥ ದೀಪಕ್ಕೆ ಅವಳೇ ಎಷ್ಟೋ ಸಲ ಎಣ್ಣೆ ಎರೆದಿದ್ದಳು. ಅವತ್ತು ಹೊಸ್ತಿಲಲ್ಲಿ ನಿಂತಳು.

"ಆ ದೀಪ ಹೊರಗಿಡ್ರಿ. ಅಂದ್ರ ನಾ ಒಳಗ ಬರ್ತೇನಿ."

"ನನ್ನತ್ತಿ ಕಾಲದಿಂದ ಹಚ್ಚೂ ದೀಪ ಅದು," ಎಂದಳು ರೇವವ್ವನ ಅತ್ತೆ. "ನಿನ್ನಿ ಮೊನ್ನಿ ಬಂದ ನಿನ್ನ ದೇವ್ರಿಗೆ ಅದು ಯಾಕ ಚುಚ್ಚತೈತಿ?"

ಶೇವಂತೆವ್ವ ಹೊರಗಿನ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಪ್ರಾರ್ಥನೆ ಮಾಡಿದಳು. ದೇವರು ತನ್ನನ್ನು ಪರೀಕ್ಷಿಸುತ್ತಿದ್ದಾನೆ ಎಂದುಕೊಂಡಳು. ಒಳಗಿನಿಂದ ರೇವವ್ವನ ಕೂಗು ಕೇಳುತ್ತಿತ್ತು. ಬಿಸಿಲು ಕಟ್ಟೆಯ ಈ ತುದಿಯಿಂದ ಆ ತುದಿಗೆ ಸರಿಯುವ ಹೊತ್ತಿಗೆ ಅತ್ತೆ ಅಳುತ್ತ ದೀಪ ತಂದು ಅಂಗಳದಲ್ಲಿಟ್ಟಳು. ಶೇವಂತೆವ್ವ ಗೆದ್ದವಳಂತೆ ಒಳಗೆ ಹೋದಳು.

ಹೊಕ್ಕಳ ಬಳ್ಳಿ ಕೂಸಿನ ಕೊರಳಿಗೆ ಎರಡು ಸುತ್ತು ಬಿದ್ದಿತ್ತು. ಗಂಡು ಕೂಸು. ಮೈ ನೀಲಿಗಟ್ಟಿತ್ತು, ಆದರೆ ಇನ್ನೂ ಬೆಚ್ಚಗಿತ್ತು.

ಮನೆಯವರು ಹಣೆಬರಹ ಎಂದರು. ಬಳ್ಳಿಯ ಸುತ್ತು ಬಿಡಿಸಿದ ಬೆರಳುಗಳಿಗೆ ಮಾತ್ರ ಬೇರೆ ಗೊತ್ತಿತ್ತು. ಮುಂದಿನ ಭಾನುವಾರ ಸಭೆಯಲ್ಲಿ ಖಂಡೆಪ್ಪ ಎದ್ದು ಸಾಕ್ಷಿ ಹೇಳಿದ: ನಮ್ಮ ವೈನಿ ನಂಬಿಗಿ ನೋಡ್ರಿ, ಆ ಮನಿಯಾಗಿನ ದೀಪ ಹೊರಗ ಇಡಿಸಿ ಒಳಗ ಹ್ವಾದ್ಲು! ಎಲ್ಲರೂ ದೇವರಿಗೆ ಸ್ತೋತ್ರ ಎಂದರು. ಶೇವಂತೆವ್ವ ನಡುವೆಯೇ ಎದ್ದು ಹೋದಳು. ನೇರ ರೇವವ್ವನ ಮನೆಗೆ ಹೋದಳು.

ರೇವವ್ವ ಒಬ್ಬಳೇ ಇದ್ದಳು. ಹಾಲು ಕಟ್ಟಿದ ಎದೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಒರಗಿದ್ದಳು.

"ಹಣೇಬಾರ ಅಲ್ಲವ್ವ," ಎಂದಳು ಶೇವಂತೆವ್ವ. "ನಾ ಬಂದ ಕೂಡ್ಲೆ ಒಳಗ ಬಂದಿದ್ರ ಕೂಸು ಉಳೀತಿತ್ತು. ದೇವ್ರು ಹಂಗ ಮಾಡಂತ ಹೇಳಿರಲಿಲ್ಲ. ಅದು ನನ್ನ ಹಟ."

ರೇವವ್ವ ಎದೆಯ ಬಟ್ಟೆಯ ಗಂಟನ್ನು ಇನ್ನಷ್ಟು ಬಿಗಿದಳು. "ನೀ ಹೇಳದ ಇದ್ದಿದ್ರ ಹಣೇಬಾರ ಅಂತ ಮರೀತಿದ್ದೆ," ಎಂದಳು. "ಈಗ ಹೆಂಗ ಮರೀಲಿ? ಹೋಗು. ಇನ್ನೊಮ್ಮೆ ನನ್ನ ಮುಂದ ಬರಬ್ಯಾಡ."

ಮುಂದಿನ ಎರಡು ಹೆರಿಗೆಗೂ ರೇವವ್ವ ನಾಲತವಾಡದ ತವರಿಗೆ ಹೋದಳು.

*

"ಅಂದ್ರ..." ಖಂಡೆಪ್ಪ ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟ. ಅವನು ಮತ್ತೆ ಮತ್ತೆ ಅವಸರ ಮಾಡಿದಾಗ, ಸೈದಾಬಿ ಹೊರಗೆ ಹೋದ ಹೊತ್ತು ನೋಡಿ, ಚಂದವ್ವ ಎಲ್ಲವನ್ನೂ ಹೇಳಿದ್ದಳು.

"ರೇವವ್ವ ಇದನ್ನ ಯಾರಿಗೂ ಹೇಳಲಿಲ್ಲೇನು? ಗಂಡಗ? ಅತ್ತಿಗೆ?"

"ಯಾರಿಗೂ ಹೇಳಿಲ್ಲ. ಒಂದ ಮಾತು ಆಡಿದ್ರ ಸಾಕಿತ್ತು, ನಮ್ಮವ್ವನ್ನ ಈ ಊರಾಗ ಯಾರೂ ಬಾಗಿಲಿಗೆ ಸೇರಿಸ್ತಿರಲಿಲ್ಲ. ಹದಿನೇಳು ವರ್ಷ ನಮ್ಮವ್ವನ ಅನ್ನ ಉಳಿಸ್ಯಾಳ ಕಾಕಾ, ಮಾತ ಬಿಟ್ಟುಕೊಂಡು."

ಖಂಡೆಪ್ಪ ತಲೆಯ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡ. ಆ ದೀಪದ ಸಾಕ್ಷಿಯನ್ನು ಅವನು ಆ ಒಂದು ಭಾನುವಾರಕ್ಕೆ ಬಿಟ್ಟಿರಲಿಲ್ಲ. ಸಿಂದಗಿಯ ಕೂಟದಲ್ಲಿ ಹೇಳಿದ್ದ, ಇಂಡಿಯಲ್ಲಿ ಹೇಳಿದ್ದ, ಬಸವನ ಬಾಗೇವಾಡಿಯಲ್ಲಿ ಜನ ಕೇಳಿ ಕೇಳಿ ಎರಡು ಸಲ ಹೇಳಿಸಿದ್ದರು. ಹೋದ ತಿಂಗಳೂ ಹೇಳಿದ್ದ.

"ಕೂಸು ಸತ್ತದ್ದನ್ನ ನಾ ಸಾಕ್ಷಿಯೊಳಗ ಎಂದೂ ಹೇಳಲಿಲ್ಲ ಚಂದೂ," ಎಂದ. ರುಮಾಲನ್ನು ಬಿಚ್ಚಿ ಮತ್ತೆ ಮಡಚುತ್ತ, "ಅದು ಬ್ಯಾರೆ ಮಾತು ಅಂದ್ಕೊಂಡಿದ್ದೆ," ಎಂದ.

*

ರೇವವ್ವನ ಕೂಸು ಹೋದ ಮೇಲೆ ಶೇವಂತೆವ್ವ ಯಾವ ಮನೆಯಿಂದ ಕರೆ ಬಂದರೂ ಹೋದಳು. ಹೊಸ್ತಿಲಲ್ಲಿ ನಿಂತು ಒಂದೇ ಮಾತು ಕೇಳುತ್ತಿದ್ದಳು: "ನೀರು ಕಾದಾವೇನ?" ಕಾದಿದ್ದರೆ ಒಳಗೆ ಹೋಗುವಳು. ಕಾದಿರದಿದ್ದರೆ ಬೈದು ತಾನೇ ಒಲೆ ಹಚ್ಚುವಳು. ದೀಪವಿದ್ದರೆ, ಸೀರೆಗೆ ತಾಗದಿರಲೆಂದು ಪಕ್ಕಕ್ಕೆ ಸರಿಸುವಳು, ಅಷ್ಟೇ. ಐದನೆಯ ದಿನದ ಪೂಜೆಯ ಹೊತ್ತಿಗೆ ಮಾತ್ರ, ನೀವು ಮಾಡಿಕೊಳ್ರಿ ಎಂದು ಹೇಳಿ, ಅಂಗಳಕ್ಕೆ ಬಂದು ಕೂಸಿನ ಬಟ್ಟೆ ಒಗೆಯುತ್ತ ಕೂಡುವಳು.

ಖಂಡೆಪ್ಪನಿಗೆ ಇದು ಸರಿ ಬರಲಿಲ್ಲ. "ವೈನಿ, ಮೊದಲಿನ ಬಿಗಿ ಉಳೀಲಿಲ್ಲ ನಿನ್ನಾಗ," ಎಂದಿದ್ದ ಒಂದು ದಿನ. "ಯಾರರೆ ಏನರೆ ಪೂಜಿ ಮಾಡಲಿ, ಹೊಕ್ಕು ಬರ್ತಿ."

ಶೇವಂತೆವ್ವ ಅಂಗಳದಲ್ಲಿ ಒಂದು ಕೂಸಿಗೆ ಎರೆಯುತ್ತಿದ್ದಳು. ಕಾಲು ಚಾಚಿ ಕೂತು, ಮೊಣಕಾಲಿನ ಮೇಲೆ ಕೂಸನ್ನು ಮಲಗಿಸಿ, ಎಡಗೈಯನ್ನು ಅದರ ಹಣೆಗೆ ಅಡ್ಡ ಹಿಡಿದು ಬಲಗೈಯಿಂದ ನೀರು ಹಾಕುತ್ತಿದ್ದಳು. ಕಣ್ಣಿಗೆ ಹನಿ ನೀರೂ ಇಳಿಯದ ಹಾಗೆ.

"ನಾವಿಬ್ರೂ ಒಂದ ದಿನ ಹೊಳಿಗೆ ಇಳದ್ವಿ ಖಂಡೆಪ್ಪ," ಎಂದಿದ್ದಳು, ತಲೆ ಎತ್ತದೆ. "ನಾ ಎದ್ದು ಮನಿಗೆ ಬಂದು ಕೆಲಸಕ್ಕ ಹತ್ತೇನಿ. ನೀ ಇನ್ನೂ ನೀರಾಗ ನಿಂತಿ. ನೆಗಡಿ ಆದೀತು, ಬಾರೊ."

ಅವನಿಗೆ ಆಗ ಸಿಟ್ಟು ಬಂದಿತ್ತು. ಎಂಟು ದಿನ ಮಾತು ಬಿಟ್ಟಿದ್ದ. ಒಂಬತ್ತನೆಯ ದಿನ ಅವಳು ಹುರಕ್ಕಿ ಹೋಳಿಗೆ ಕಳಿಸಿದಾಗ ತಿಂದು, ಬೆಲ್ಲ ಕಡಿಮೆಯಾಗಿದೆ ಎಂದು ಹೇಳಿ ಕಳಿಸಿದ್ದ.

*

ಎರಡರ ಬಸ್ಸು ಮೂರಕ್ಕೆ ಬಂತು. ಪಾದ್ರಿಯವರು ಹೊಸಬರು, ಎಳೆಯ ವಯಸ್ಸು. ಧೂಳು ಕೊಡವಿಕೊಳ್ಳುತ್ತ ಅಂಗಳಕ್ಕೆ ಬಂದವರು ಅಲ್ಲಿದ್ದ ಜನ ನೋಡಿ ನಿಂತರು. ಸಭೆಯವರು ಇಪ್ಪತ್ತು ಮಂದಿ ಇದ್ದರೆ, ಉಳಿದ ಇನ್ನೂರು ಮಂದಿ ಊರವರು. ಎಲ್ಲ ಅವಳ ಕೈಯಲ್ಲಿ ಹುಟ್ಟಿದವರು, ಹಡೆದವರು.

"ಸಮುವೇಲಪ್ಪನವರು ಎಲ್ಲಿ?" ಎಂದು ಕೇಳಿದರು.

"ಯಾರ್ರಿ?" ಎಂದಳು ಸೈದಾಬಿ. "ಹೋ, ಖಂಡೆಪ್ಪಣ್ಣ! ಬಚ್ಚಲದಾಗ ಅದಾನ್ರಿ, ಹೋಗ್ರಿ."

ಖಂಡೆಪ್ಪ ಒಲೆಯ ಮುಂದೆ ಮೊಣಕಾಲೂರಿ ಊದುಗೊಳವೆಯಿಂದ ಊದುತ್ತಿದ್ದ. ಎರಡನೆಯ ಸಲದ ನೀರೂ ಆರಿತ್ತು. ಮಸಿ ಹತ್ತಿದ ಮುಖದಲ್ಲಿ ಹೊಗೆಗೆ ಕಣ್ಣೀರು ಹರಿದು ಗೆರೆ ಬಿದ್ದಿತ್ತು.

"ಇನ್ನೂ ಸ್ನಾನ ಆಗಿಲ್ಲವೇನ್ರಿ?" ಪಾದ್ರಿಯವರು ಗಡಿಯಾರ ನೋಡಿದರು. "ಹೊತ್ತು ಇಳಿಯುವುದರೊಳಗೆ ಮಣ್ಣು ಮಾಡಬೇಕಲ್ಲ. ಸಭೆಯ ಹೆಂಗಸರು ಹೊರಗೆ ಕೂತಿದ್ದಾರೆ. ಯಾರಿಗೆ ಕಾಯುತ್ತಿದ್ದೀರಿ?"

ಚಂದವ್ವ ಕಾಕನ ಮುಖ ನೋಡಿದಳು.

"ನೀರು ಕಾಯಾಕತ್ತಾವ್ರಿ ಸಾಹೇಬ್ರ," ಎಂದ ಖಂಡೆಪ್ಪ. "ಕುಂದರ್ರಿ. ಚಾ ಕುಡೀರಿ. ನಮ್ಮ ವೈನಿ ಎಂದೂ ಯಾರಿಗೂ ಅವಸರ ಮಾಡಿದಾಕಿ ಅಲ್ಲ."

ಮತ್ತೆ ಬಗ್ಗಿ ಊದಿದ. ಉರಿ ಹತ್ತಿತು. ಅಂಗಳದಲ್ಲಿ ಹಾಡು ಎತ್ತಿದ್ದ ಹೆಂಗಸರು ಒಂದು ಸಾಲಿನ ನಡುವೆ ನಿಂತುಬಿಟ್ಟರು. ಜನ ಸರಿಯುವ ಸದ್ದಾಯಿತು.

ರೇವವ್ವ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಹಣೆಯಲ್ಲಿ ಬಂಡಾರ, ಉಗುರಿನ ಸಂದಿಯಲ್ಲಿ ಒಣಗಿದ ಜೋಳದ ಹಿಟ್ಟು. ಪಡಸಾಲೆಯ ಕಡೆ ಇನ್ನೂ ನೋಡಿರಲಿಲ್ಲ. ಸೆರಗನ್ನು ಎಳೆದು ಸೊಂಟಕ್ಕೆ ಬಿಗಿದಳು.

"ನೀರು ಕಾದಾವೇನ?"

"ಕಾದಾವವ್ವ," ಎಂದು ಖಂಡೆಪ್ಪ ಎದ್ದು ದಾರಿ ಬಿಟ್ಟ.

ಹೆಂಗಸರು ಶೇವಂತೆವ್ವನನ್ನು ಎತ್ತಿ ತಂದು ಬಚ್ಚಲ ಕಲ್ಲಿನ ಮೇಲೆ ಮಲಗಿಸಿದರು. ಬಾಗಿಲಿಗೆ ಕಂಬಳಿ ಕಟ್ಟಿದರು. ಚಂದವ್ವ ಅವ್ವನ ತಲೆಯ ಕೆಳಗೆ ಮಣೆ ಇಡಲು ಹೋದಾಗ ರೇವವ್ವ ಬೇಡವೆಂದು ಕೈ ಮಾಡಿದಳು. ಗೋಡೆಗೆ ಬೆನ್ನು ಕೊಟ್ಟು ಕೂತು ಎರಡೂ ಕಾಲು ಚಾಚಿದಳು. ಬಿಳಿಯಾದ ಆ ತಲೆಯನ್ನು ಎತ್ತಿ ತನ್ನ ಕಾಲ ಮೇಲೆ ಇಟ್ಟುಕೊಂಡಳು. ತಂಬಿಗೆಯ ನೀರನ್ನು ಮೊದಲು ತನ್ನ ಮುಂಗೈಗೆ ಸುರಿದು ಬಿಸಿ ನೋಡಿದಳು.

ಆಮೇಲೆ ಎಡಗೈಯನ್ನು ಹಣೆಗೆ ಅಡ್ಡ ಹಿಡಿದಳು, ಮುಚ್ಚಿದ ಕಣ್ಣುಗಳಿಗೆ ನೀರು ಇಳಿಯದ ಹಾಗೆ, ಮತ್ತು ಮೆಲ್ಲಗೆ ಎರೆಯತೊಡಗಿದಳು.