ಕೊಕ್ಕರೆಯ ಕಾಲಿಗೆ ಕೆಂಪು ಬಿಳಿ ದಾರ

ಜೂನ್ ತಿಂಗಳ ಒಂದು ಬೆಳಿಗ್ಗೆ, ಆರೂವರೆ ಗಂಟೆ. ಡೊಬ್ರಿಯ ಖಾಲಿ ಕುರಿ ಕೊಟ್ಟಿಗೆಯಲ್ಲಿ ಕೊಕ್ಕರೆ ಮರಿ ಸತ್ತು ಬಿದ್ದಿತ್ತು.

ಮನೆ ಮುಂದಿನ ವಿದ್ಯುತ್ ಕಂಬದ ಮೇಲಿನ ಗೂಡಿನಿಂದ ಅದು ಹಿಂದಿನ ದಿನ ಕೆಳಗೆ ಬಿದ್ದಿತ್ತು. ಕಾಲಿಗೆ ದಾರ ಬಿಗಿದು ಪಾದ ಕಪ್ಪಾಗಿತ್ತು. ಡೊಬ್ರಿ ದಾರ ಕತ್ತರಿಸಿ, ಕೊಕ್ಕು ಬಿಡಿಸಿ, ಹಾಲಲ್ಲಿ ನೆನೆಸಿದ ಬ್ರೆಡ್ ತಿನ್ನಿಸಿದ್ದ. ಹೆಂಡತಿ ಸ್ಟಾನಾ ಕಂಬಳಿ ಹೊದಿಸಿದ್ದಳು. ಮರಿತ್ಸಾ ನದಿ ಬಯಲಿನ ಆ ಊರಲ್ಲಿ ಕೊಕ್ಕರೆ ಎಂದರೆ ವರ್ಷ ವರ್ಷ ಬರುವ ನೆಂಟ.

ಪಕ್ಕದ ಮನೆಯ ಮೇಕೆಗಳಿಗೆ ಚುಚ್ಚುಮದ್ದು ಹಾಕಲು ಬಂದಿದ್ದ ಪಶುವೈದ್ಯೆ ನೆವೆನಾಳನ್ನು ಸ್ಟಾನಾ ಕರೆತಂದಳು. ಗಾಯಗೊಂಡ ಕಾಡುಪ್ರಾಣಿಗಳನ್ನು ನೆವೆನಾ ತನ್ನ ಮನೆ ಜಗುಲಿಯಲ್ಲೇ ನೋಡಿಕೊಳ್ಳುತ್ತಿದ್ದಳು. ಜಾಗ ಸಾಲದೆ, ಅವುಗಳ ಆಸ್ಪತ್ರೆಗೆಂದು ಈ ಕೊಟ್ಟಿಗೆ ಕೇಳಿದ್ದಳು. ಡೊಬ್ರಿ ಒಪ್ಪಿರಲಿಲ್ಲ.

"ಈ ಊರಲ್ಲಿ ಮನುಷ್ಯರಿಗೇ ಡಾಕ್ಟ್ರಿಲ್ಲ," ಅವನು ಅವಳನ್ನು ಕಂಡದ್ದೇ ಶುರುಮಾಡಿದ. "ನನ್ನ ಮೊಣಕಾಲು ತೋರ್ಸೋಕೆ ಎರಡು ಬಸ್ಸು ಹತ್ಬೇಕು. ಗೂಬೆಗೆ ಆಸ್ಪತ್ರೆ ಅಂತೆ! ಮೊದ್ಲು ನನಗೊಂದು ಮಂಚ ಹಾಕ್ಸಿ."

"ನಿಮ್ಮ ಮೊಣಕಾಲಿಗೂ ಆಸ್ಪತ್ರೆ ಬೇಕು ಮಾವ. ಪಂಚಾಯ್ತಿಲಿ ಜಗಳ ಆಡೋಕೆ ನಾನೂ ಬರ್ತೀನಿ. ಈಗ ಮರಿ ನೋಡ್ಲಾ?"

ಅವಳು ಕೊಕ್ಕು ತೆರೆದು ಟಾರ್ಚ್ ಹಾಕಿದಳು.

"ಹಾಲು ಉಸಿರಿನ ದಾರಿಗೆ ಹೋಗಿದೆ. ಹಕ್ಕಿಗೆ ಹಾಲು ಅರಗೋದೂ ಇಲ್ಲ."

"ಅಂದ್ರೆ ನಾನೇ ಕೊಂದೆ ಅಂತೀರಾ?"

"ಕಾಲಂತೂ ಉಳೀತಿರ್ಲಿಲ್ಲ. ಜೀವ ಉಳೀತಿತ್ತೋ ಏನೋ, ಆಣೆ ಹಾಕಿ ಹೇಳಲಾರೆ. ನಿನ್ನೆನೇ ಒಂದು ಫೋನ್ ಮಾಡ್ಬೇಕಿತ್ತು."

"ಮಾಡಿ? ನಿಮ್ಮ ಜಗುಲೀಲಿ ಕಾಲಿಡೋಕೂ ಜಾಗ ಇಲ್ಲ!"

"ಅದಕ್ಕೇ ಅಲ್ವಾ ಮಾವ, ಕೊಟ್ಟಿಗೆ ಕೇಳಿದ್ದು?"

ಅಷ್ಟರಲ್ಲಿ ಸ್ಟಾನಾ ನೆಲದ ಮೇಲಿದ್ದ ದಾರದ ತುಂಡನ್ನು ಎತ್ತಿಕೊಂಡಿದ್ದಳು. ಕೊಳೆ ಒರೆಸಿದಾಗ ಬಣ್ಣ ಕಂಡಿತು: ಕೆಂಪು, ಬಿಳಿ. ಮಾರ್ಚ್ ಒಂದರಂದು ಊರಿನವರೆಲ್ಲ ಕೈಗೆ ಕಟ್ಟಿಕೊಳ್ಳುವ ದಾರ. ಮೊದಲ ಕೊಕ್ಕರೆ ಕಂಡ ದಿನ ಬಿಚ್ಚಿ, ಒಳ್ಳೆಯದಾಗಲೆಂದು ಮರಕ್ಕೆ ನೇತುಹಾಕುತ್ತಾರೆ. ಅವಳ ತಾಯಿ ಉಣ್ಣೆಯಲ್ಲಿ ಹೊಸೆಯುತ್ತಿದ್ದಳು. ಸ್ಟಾನಾ ಈ ಸಲ ಸಂತೆಯಲ್ಲಿ ಮಿರಿಮಿರಿ ಮಿಂಚುವುದನ್ನು ಕೊಂಡಿದ್ದಳು.

"ಇದು ನಂದೇ," ಅಂದಳು. "ಪ್ಲಮ್ ಮರಕ್ಕೆ ಕಟ್ಟಿದ್ದೆ."

"ಉಣ್ಣೆಯಾದ್ರೆ ಮಳೆಗೆ ಕೊಳೆತು ಹೋಗ್ತಿತ್ತು ಅತ್ತೆ. ಇದು ಪ್ಲಾಸ್ಟಿಕ್. ಗೂಡಿಗೆ ಹಾಸೋಕೆ ಕೊಕ್ಕರೆ ಒಯ್ದಿದೆ. ಮರಿ ಬೆಳೆದಂಗೆ ಬಿಗಿಯಾಗಿದೆ."

ಸ್ಟಾನಾ ಹೊರಗೆ ಬಂದು ಕತ್ತೆತ್ತಿದಳು. ಗೂಡಿನಲ್ಲಿ ಇನ್ನೊಂದು ಮರಿ ಒಂಟಿಕಾಲಲ್ಲಿ ನಿಂತಿತ್ತು. ಎತ್ತಿದ ಕಾಲಿನಿಂದ ಕೆಂಪು ಎಳೆ ಇಳಿಬಿದ್ದಿತ್ತು.

"ರೀ, ಅದಕ್ಕೂ ಸುತ್ಕೊಂಡಿದೆ!"

ಡೊಬ್ರಿ ಬಂದು ನೋಡಿದ. ತುಂಬ ಹೊತ್ತು ನೋಡಿದ.

"ಡಾಕ್ಟ್ರೇ, ಕೊಟ್ಟಿಗೆ ತಗೊಳ್ಳಿ. ಈಗ ನಾನೇನು ಮಾಡ್ಲಿ?"

"ಮೊದ್ಲು ಆ ಹಾಲಿನ ಪಾತ್ರೆ ಒಳಗಿಡಿ. ಆಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ ಹುಡುಕಿ. ಕಂಬ ಮಾತ್ರ ಹತ್ಬೇಡಿ, ಕರೆಂಟಿನವರನ್ನ ಕರೆಸ್ತೀನಿ."

ಮಧ್ಯಾಹ್ನ ವಿದ್ಯುತ್ ಸಿಬ್ಬಂದಿ ಏಣಿ ಲಾರಿ ತಂದು ಮರಿಯನ್ನು ಇಳಿಸಿದರು. ನೆವೆನಾ ಅದರ ತಲೆಗೆ ಬಟ್ಟೆ ಮುಚ್ಚಿ ದಾರ ಬಿಡಿಸಿದಳು. ಪಾದ ಇನ್ನೂ ಬೆಚ್ಚಗಿತ್ತು.

ಕೊಟ್ಟಿಗೆ ಆಸ್ಪತ್ರೆಯಾದದ್ದು ಹೀಗೆ. ನೆರೆಯವರು ಹಳೆಯ ಬಾಗಿಲು, ಮೀನುಬಲೆ ತಂದುಕೊಟ್ಟರು. ಡೊಬ್ರಿ ಬೋನುಗಳನ್ನು ಮಾಡಿದ. ಅಕ್ಕಪಕ್ಕದ ಊರುಗಳಿಂದ ಕಾರಿಗೆ ಬಡಿದ ಗೂಬೆ, ನೇಗಿಲಿಗೆ ಸಿಕ್ಕ ಆಮೆ ಬಂದವು. ಬಂದವೆಲ್ಲ ಬದುಕಲಿಲ್ಲ. ಸತ್ತವನ್ನು ಡೊಬ್ರಿ ಕೊಟ್ಟಿಗೆಯ ಹಿಂದೆ ಆಳವಾಗಿ ಹೂಳುತ್ತಾನೆ.

ಓದುವ ನಿಮ್ಮ ಅಂಗಳಕ್ಕೂ ಇಂಥದೊಂದು ಜೀವ ಬಂದು ಬೀಳಬಹುದು. ಮರುಕದಿಂದ ಹಾಲು, ಅನ್ನ ತಿನ್ನಿಸಬೇಡಿ. ಬಾಯಿಗೆ ನೀರು ಹೊಯ್ಯಬೇಡಿ. ಚಿಕ್ಕದಾದರೆ ಬಟ್ಟೆ ಮುಚ್ಚಿ, ತೂತು ಮಾಡಿದ ಪೆಟ್ಟಿಗೆಯಲ್ಲಿ ಗದ್ದಲವಿಲ್ಲದ ಕಡೆ ಇಡಿ. ದೊಡ್ಡದಾದರೆ ಹತ್ತಿರ ಹೋಗದೆ ಜನರನ್ನು ದೂರವಿಡಿ. ಆ ಕ್ಷಣವೇ ಪಶುವೈದ್ಯರಿಗೋ ಅರಣ್ಯ ಇಲಾಖೆಗೋ ತಿಳಿಸಿ. ಗಾಳಿಪಟದ ನೂಲು, ಪ್ಲಾಸ್ಟಿಕ್ ದಾರ ಮರದಲ್ಲಿ ಕಂಡರೆ ಇವತ್ತೇ ಬಿಡಿಸಿ. ನಿಮ್ಮೂರಲ್ಲೂ ಖಾಲಿ ಕೊಟ್ಟಿಗೆ ಇದ್ದರೆ, ಕೇಳಲು ಬಂದವರನ್ನು ಬರಿಗೈಯಲ್ಲಿ ಕಳಿಸಬೇಡಿ.

ಎರಡನೆಯ ಮರಿಯ ಕಾಲು ವಾಸಿಯಾಗುವುದು ತಡವಾಯಿತು. ಆಗಸ್ಟ್ ಕೊನೆಗೆ ಕೊಕ್ಕರೆಗಳೆಲ್ಲ ದಕ್ಷಿಣಕ್ಕೆ ಹೊರಟಾಗ ಅದು ಕೊಟ್ಟಿಗೆಯಲ್ಲೇ ಉಳಿಯಿತು. ಮಾರ್ಚ್‌ನಲ್ಲಿ ಸ್ಟಾನಾ ಉಣ್ಣೆಯ ದಾರ ಕಟ್ಟಿಕೊಂಡಳು. ಕಂಬದ ಗೂಡಿಗೆ ಕೊಕ್ಕರೆ ಮರಳಿದ ವಾರ ಡೊಬ್ರಿ ಕೊಟ್ಟಿಗೆಯ ಬಾಗಿಲು ತೆರೆದ. ಹಕ್ಕಿ ಅಂಗಳ ದಾಟುವವರೆಗೆ ನಡೆಯಿತು, ಆಮೇಲೆ ಹಾರಿತು.